ಸೇಫ್ಟಿ ರೇಜರಿನ ಕಾಲನಿರ್ಣಯ

ಹಳೆಯ ವಸ್ತುವಿನ ಕಾಲವನ್ನು ನಿರ್ಣಯಿಸುವಲ್ಲಿ ಅದರ ಮೇಲಿನ ಬರಹವೇ ಪರಮಪ್ರಮಾಣವೆಂದು ಭಾವಿಸುವುದು ಲೋಕರೂಢಿಯಾಗಿದೆ. ಆದರೆ ಬರಹವು ಯಾವುದರ ಕಾಲವನ್ನು ಹೇಳುತ್ತದೆಂಬುದನ್ನು ವಿಚಾರಿಸದವನಿಗೆ ಅದೇ ಭ್ರಾಂತಿಗೂ ಮೂಲವಾಗುವುದುಂಟು. ಶಿಲಾಶಾಸನಗಳಿಗೆ ಸಲ್ಲುವ ಈ ಮಾತು ಕ್ಷೌರದ ಪೆಟ್ಟಿಗೆಯೊಳಗಣ ಸೇಫ್ಟಿ ರೇಜರಿಗೂ ಸಲ್ಲುತ್ತದೆ. ಅಮೆರಿಕಾ ದೇಶದ ಜಿಲೆಟ್ ಕಂಪೆನಿಯ ರೇಜರುಗಳು ಇದಕ್ಕೆ ತಕ್ಕ ನಿದರ್ಶನ.

ಅಲಗು ಚರ್ಮಕ್ಕೆ ನಾಟದಂತೆ ಕಾಪನ್ನಿಡುವ ಯುಕ್ತಿಯು ಜಿಲೆಟ್ಟನಿಂದ ಹುಟ್ಟಿದುದಲ್ಲ. ಹದಿನೆಂಟನೆಯ ಶತಮಾನದಲ್ಲಿಯೇ ಫ್ರಾನ್ಸಿನ ಪೆರೆ ಎಂಬ ಕತ್ತಿಗಾರನು ಕ್ಷೌರದ ಕತ್ತಿಗೆ ಮರದ ಕಾಪನ್ನು ತೊಡಿಸಿದ್ದನು. 1847ರಲ್ಲಿ ಇಂಗ್ಲೆಂಡಿನ ಹೆನ್ಸನ್ ಎಂಬವನು ಅಲಗನ್ನು ಹಿಡಿಗೆ ಅಡ್ಡಲಾಗಿ, ಗುದ್ದಲಿಯಂತೆ ಕೂಡಿಸಿದನು. 1880ರಲ್ಲಿ ನ್ಯೂಯಾರ್ಕಿನ ಕಾಂಫೆ ಸಹೋದರರು ತಮ್ಮ ರೇಜರಿಗೆ ಪೇಟೆಂಟು ಪಡೆದರು. ಆದರೆ ಇವರ ಅಲಗು ದಪ್ಪನಾದುದು. ಅದನ್ನು ತೊಗಲಿನ ಪಟ್ಟಿಗೆ ಮಸೆಯುವ ಕಷ್ಟವು ತಪ್ಪಿರಲಿಲ್ಲ.

ಕಿಂಗ್ ಕ್ಯಾಂಪ್ ಜಿಲೆಟ್ಟನು ಸೀಸೆಯ ಬಿರಡೆಗಳನ್ನು ಮಾರುವ ಕಂಪೆನಿಯೊಂದರ ಪ್ರತಿನಿಧಿಯಾಗಿದ್ದನು. ಬಳಸಿ ಎಸೆಯುವ ಬಿರಡೆಯಂತೆಯೇ ಬಳಸಿ ಎಸೆಯುವ ಅಲಗೂ ಏಕಿರಬಾರದೆಂದು 1895ರಲ್ಲಿ ಅವನಿಗೆ ಹೊಳೆಯಿತು. ತೆಳುವಾದ ಉಕ್ಕಿನ ಹಾಳೆಯನ್ನು ಹದಗೊಳಿಸುವ ಉಪಾಯವನ್ನು ನಿಕರ್ಸನ್ ಎಂಬ ಯಂತ್ರಶಿಲ್ಪಿಯು ಸಾಧಿಸಿಕೊಟ್ಟನು. 1903ರಲ್ಲಿ ಮಾರಾಟವಾದುವು 51 ರೇಜರು, 168 ಬ್ಲೇಡು ಮಾತ್ರ. ಮರುವರ್ಷ ರೇಜರುಗಳ ಸಂಖ್ಯೆ 90,000ವನ್ನು ಮೀರಿತು.

ತೆಳುವಾದ ಬ್ಲೇಡಿಗೆ ಸ್ವತಃ ಬಿಗುಪಿಲ್ಲ. ಮೇಲಿನ ಮುಚ್ಚಳವೂ ಕೆಳಗಿನ ಕಾಪುಫಲಕವೂ ಅದನ್ನು ಬಿಲ್ಲಿನಂತೆ ಬಾಗಿಸಿ ಅದುಮಿ ಹಿಡಿದಾಗಲೇ ಅದು ಕೂದಲನ್ನು ಕತ್ತರಿಸಬಲ್ಲದು. ಆದುದರಿಂದ ರೇಜರಿನ ಆಕಾರವು ಕೇವಲ ಅಲಂಕಾರವಲ್ಲ, ಬ್ಲೇಡಿನ ಸ್ವಭಾವಕ್ಕೆ ಅಧೀನವಾದುದು. ಆಕಾರದ ಮಾರ್ಪಾಡುಗಳೇ ಕಾಲವನ್ನು ಸೂಚಿಸುವ ಸಾಕ್ಷಿಗಳು. ಮೊದಲಿನ ಬ್ಲೇಡುಗಳಿಗೆ ಮೂರು ರಂಧ್ರಗಳಿದ್ದುವು. 1930ರಲ್ಲಿ ಉದ್ದನೆಯ ಸೀಳುಳ್ಳ ಬ್ಲೇಡು ಬಂದಿತು, ರೇಜರಿನ ತಲೆಯೂ ಅದಕ್ಕನುಸಾರವಾಗಿ ಮಾರ್ಪಟ್ಟಿತು. ಅದೇ ದಶಕದಲ್ಲಿ, ಹಿಡಿಯ ತುದಿಯ ಗುಂಡಿಯನ್ನು ತಿರುಗಿಸಿದರೆ ಎರಡು ಕದಗಳಂತೆ ತೆರೆಯುವ ತಲೆಯು ರೂಢಿಗೆ ಬಂದಿತು. 1958ರಲ್ಲಿ ಅಲಗಿಗೂ ಕಾಪಿಗೂ ನಡುವಣ ಅಂತರವನ್ನು 1ರಿಂದ 9ರ ವರೆಗೆ ಹೊಂದಿಸಬಲ್ಲ, ಅಂಕೆಗಳುಳ್ಳ ರೇಜರು ಮಾರುಕಟ್ಟೆಗೆ ಬಂದಿತು.

ಇನ್ನು ಬರಹದ ವಿಚಾರ. ಅನೇಕ ಹಳೆಯ ರೇಜರುಗಳ ಮೇಲೆ 1904ನೆಯ ನವೆಂಬರ್ 15 ಎಂದು ಕೆತ್ತಿರುವುದು ಕಾಣುತ್ತದೆ. ಇದನ್ನೇ ತಯಾರಿಕೆಯ ದಿನವೆಂದು ತಿಳಿದವರುಂಟು. ಅದು ಪೇಟೆಂಟು ದೊರೆತ ದಿನ. ಅದೇ ಮುದ್ರೆಯು ಮುಂದಿನ ಎಷ್ಟೋ ವರ್ಷಗಳ ರೇಜರುಗಳ ಮೇಲೆಯೂ ಬಿದ್ದಿತು. ಆ ಪೇಟೆಂಟಿನ 17 ವರ್ಷಗಳ ಅವಧಿಯು 1921ರಲ್ಲಿ ಮುಗಿಯಿತು. ಕಂಪೆನಿಯು ಸುಧಾರಿಸಿದ ಹೊಸ ಮಾದರಿಯನ್ನು ಹೊರತಂದುದು ಆ ವರ್ಷವೇ.

1951ರಿಂದ ಕಂಪೆನಿಯು ತಲೆಯ ಅಡಿಯಲ್ಲಿ ವರ್ಷಕ್ಕೆ ಒಂದಕ್ಷರವನ್ನೂ, ಮೂರು ಮೂರು ತಿಂಗಳ ಪಾದಕ್ಕೆ ಒಂದಂಕೆಯನ್ನೂ ಒತ್ತತೊಡಗಿತು. ಡಬ್ಲ್ಯು ಅಕ್ಷರವು 1951. ಝಡ್ ಮುಗಿದ ಮೇಲೆ ಎ ಅಕ್ಷರವು 1955. ಆದರೆ ಅಕ್ಷರಮಾಲೆಯು ಒಂದು ಸುತ್ತು ಬಂದುದರಿಂದ 1976ಕ್ಕೂ ಡಬ್ಲ್ಯು ಅಕ್ಷರವೇ ಬಿದ್ದಿತು. ಪ್ರಭವ ಸಂವತ್ಸರವೆಂದ ಮಾತ್ರಕ್ಕೆ 1927ನೆಯ ಇಸವಿಯೋ 1987ನೆಯ ಇಸವಿಯೋ ತಿಳಿಯದು, ಶಕವರ್ಷವೂ ಬೇಕು. ಇಲ್ಲಿ ಶಕವರ್ಷದ ಸ್ಥಾನವನ್ನು ತುಂಬುವುದು ಆಕಾರವೇ. ಡಬ್ಲ್ಯು ಅಕ್ಷರವಿದ್ದು, ಕುತ್ತಿಗೆಯಲ್ಲಿ ಅಂತರದ ಅಂಕೆಗಳೂ ಇದ್ದರೆ ಅದು 1951ರದಾಗಲಾರದು. ಆಗ ಅಂತಹ ರಚನೆಯೇ ಮಾರುಕಟ್ಟೆಗೆ ಬಂದಿರಲಿಲ್ಲ.

ಅಕ್ಷರವನ್ನು ಆಕಾರದೊಡನೆ ಹೋಲಿಸಿ, ಎರಡೂ ಒಪ್ಪಿದಲ್ಲಿ ಮಾತ್ರ ನಿರ್ಣಯಕ್ಕೆ ಬರುವುದು ಯುಕ್ತ. ಒಪ್ಪದಲ್ಲಿ, ಒಂದು ರೇಜರಿನ ಹಿಡಿಯನ್ನು ಇನ್ನೊಂದರ ತಲೆಗೆ ಕೂಡಿಸಿರಬಹುದೆಂದು ಶಂಕಿಸಬೇಕು. ಅಂಗೈಯಗಲದ ವಸ್ತುವಿನಲ್ಲಿ ಈ ಎಚ್ಚರವನ್ನು ಕಲಿತವನು ಹಿರಿಯ ಶಾಸನದ ಮುಂದೆಯೂ ಅವಸರದಿಂದ ತೀರ್ಪು ಕೊಡಲಾರನು.