ಕರಗಿದ ಉಪ್ಪಿನ ತೂಕ

100 ಗ್ರಾಂ ನೀರಿನಲ್ಲಿ 5 ಗ್ರಾಂ ನವಸಾಗರ ಕರಗಿಸಿದರೆ ನೀರು ತಣ್ಣಗಾಗುತ್ತದೆ. ತಾಪಮಾನ ಸುಮಾರು 3 ಡಿಗ್ರಿ ಇಳಿಯುತ್ತದೆ. ಇದರಲ್ಲಿ ವ್ಯಯವಾದ ಉಷ್ಣವೆಷ್ಟೆಂದು ತಿಳಿಯಲು ದ್ರವ್ಯರಾಶಿ, ವಿಶಿಷ್ಟೋಷ್ಣ, ತಾಪಮಾನದ ವ್ಯತ್ಯಾಸ ಈ ಮೂರನ್ನೂ ಗುಣಿಸಬೇಕು. ಆದರೆ ಯಾವುದರ ದ್ರವ್ಯರಾಶಿ? ನೀರಿನ 100 ಗ್ರಾಮೋ, ದ್ರಾವಣದ 105 ಗ್ರಾಮೋ? ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಇಂದಿಗೂ ತಡವರಿಸುವ ಈ ಪ್ರಶ್ನೆಯ ಹಿಂದೆ ಸುಮಾರು ಒಂದು ಶತಮಾನದ ಚಿಂತನೆಯಿದೆ.

18ನೆಯ ಶತಮಾನದ ನಡುಭಾಗದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಗಿಯೋರ್ಗ್ ರಿಖ್‌ಮನ್, ಬಿಸಿನೀರೂ ತಣ್ಣೀರೂ ಬೆರೆತಾಗ ಬರುವ ತಾಪಮಾನವನ್ನು ಅವುಗಳ ದ್ರವ್ಯರಾಶಿಯಿಂದ ಲೆಕ್ಕ ಹಾಕುವ ಸೂತ್ರವನ್ನು ನೀಡಿದರು. ನೀರಿಗೆ ನೀರು ಬೆರೆಯುವಲ್ಲಿ ಅದು ಸರಿಯೇ. ನೀರಿಗೆ ಪಾದರಸ ಬೆರೆತರೆ ಸೂತ್ರ ಸೋಲುತ್ತದೆ. 1760ರ ಸುಮಾರಿಗೆ ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ ಕಾರಣವನ್ನು ಸ್ಪಷ್ಟಪಡಿಸಿದರು: ತೂಕ ಒಂದೇ ಆದರೂ ಉಷ್ಣವನ್ನು ಹಿಡಿದಿಡುವ ಸಾಮರ್ಥ್ಯ ಒಂದೊಂದು ಪದಾರ್ಥಕ್ಕೆ ಒಂದೊಂದು ಬಗೆ. ಸಮತೂಕದ ನೀರಿಗೆ ಬೇಕಾಗುವ ಉಷ್ಣದ ಮೂವತ್ತರಲ್ಲೊಂದು ಪಾಲು ಪಾದರಸಕ್ಕೆ ಸಾಕು.

ಪ್ಯಾರಿಸ್ಸಿನಲ್ಲಿ ಲವಾಸಿಯೆ 1783ರಲ್ಲಿ ಲಾಪ್ಲಾಸ್ ಅವರೊಡನೆ, ಕರಗಿದ ಮಂಜುಗಡ್ಡೆಯ ನೀರನ್ನು ತೂಗಿ ಉಷ್ಣವನ್ನೇ ಅಳೆಯುವ ಉಪಕರಣವನ್ನು ವಿವರಿಸಿದರು. ರಾಸಾಯನಿಕ ಕ್ರಿಯೆಯ ಮೊದಲೂ ಅನಂತರವೂ ಪದಾರ್ಥದ ಮೊತ್ತ ಒಂದೇ ಎಂದು 1789ರ ತಮ್ಮ ಗ್ರಂಥದಲ್ಲಿ ಸಾರಿದರು. ತೆರಿಗೆ ವಸೂಲಿಯ ಪಾಲುದಾರರಾಗಿದ್ದ ಅವರಿಗೆ ಜಮಾ ಖರ್ಚು ತಾಳೆಯಾಗಬೇಕೆಂಬುದು ಹೊಸ ಮಾತೇನಲ್ಲ. ಆ ಪಾಲುದಾರಿಕೆಯೇ 1794ರಲ್ಲಿ ಅವರನ್ನು ಗಿಲೊಟಿನ್‌ಗೆ ಒಯ್ದಿತು.

1840ರಲ್ಲಿ ಜರ್ಮೇನ್ ಹೆಸ್ ಈ ಜಮಾ ಖರ್ಚನ್ನು ಉಷ್ಣಕ್ಕೂ ವಿಸ್ತರಿಸಿದರು. ಸಲ್ಫ್ಯೂರಿಕ್ ಆಮ್ಲಕ್ಕೆ ಬೇರೆ ಬೇರೆ ಪ್ರಮಾಣದ ನೀರು ಬೆರೆಸಿ, ಬಳಿಕ ಅಮೋನಿಯದಿಂದ ತಟಸ್ಥಗೊಳಿಸಿದರು. ಒಂದೊಂದು ಹಂತದ ಉಷ್ಣ ಹೆಚ್ಚುಕಡಿಮೆಯಾದರೂ ಒಟ್ಟು ಮೊತ್ತ ಬದಲಾಗಲಿಲ್ಲ.

ಆದುದರಿಂದ ಮೊದಲಿನ ಪ್ರಶ್ನೆಗೆ ಉತ್ತರ 105 ಗ್ರಾಂ. ಉಪ್ಪು ಕಣ್ಣಿಗೆ ಮರೆಯಾದರೂ ತಕ್ಕಡಿಗೆ ಮರೆಯಾಗಿಲ್ಲ. ತಣ್ಣಗಾದದ್ದು ಇಡೀ ದ್ರಾವಣ. 4.18ನ್ನು ವಿಶಿಷ್ಟೋಷ್ಣವಾಗಿ ಹಿಡಿದರೆ ಉಷ್ಣ ಸುಮಾರು 1317 ಜೂಲ್. ಆದರೆ 4.18 ಶುದ್ಧ ನೀರಿನ ವಿಶಿಷ್ಟೋಷ್ಣ. ಉಪ್ಪಿನ ದ್ರಾವಣದ್ದು ಅದಕ್ಕಿಂತ ತುಸು ಕಡಿಮೆ. ತೆಳು ದ್ರಾವಣಗಳಲ್ಲಿ ಅನುಕೂಲಕ್ಕಾಗಿ ಒಪ್ಪಿಕೊಂಡ ಅಂದಾಜು ಅದು. ತೂಕವನ್ನು ಲವಾಸಿಯೆಯಂತೆ ಪೂರ್ಣವಾಗಿ ಹಿಡಿದವರು ಬ್ಲ್ಯಾಕ್ ಅವರ ಎಚ್ಚರಿಕೆಯನ್ನೂ ನೆನೆಯಬೇಕು. ಒಂದನ್ನು ಸರಿಯಾಗಿ ಬರೆದು ಇನ್ನೊಂದನ್ನು ಅಂದಾಜಿಗೆ ಬಿಟ್ಟಾಗ, ಅದು ಅಂದಾಜೆಂದು ಪುಸ್ತಕದಲ್ಲಿ ದಾಖಲಿಸುವುದೂ ಲೆಕ್ಕದ ಭಾಗವೇ.