ಕರ್ನಲಿನ ಸ್ಮೃತಿವಿತರಣೆ ಮತ್ತು ಖಂಡೀಭಾವ ಪರೀಕ್ಷೆ

ಗಣಕಯಂತ್ರದಲ್ಲಿ ಏಕಕಾಲಕ್ಕೆ ನಡೆಯುವ ಅನೇಕ ಕಾರ್ಯಗಳಿಗೆ ಸ್ಮೃತಿಕೋಶವನ್ನು, ಎಂದರೆ ಮೆಮೊರಿಯನ್ನು, ಹಂಚಿಕೊಡುವ ಅಧಿಕಾರವು ಆಪರೇಟಿಂಗ್ ಸಿಸ್ಟಮಿನ ಗರ್ಭಭಾಗವಾದ ಕರ್ನಲಿಗೆ ಸೇರಿದುದು. ಕೇಳಿದವರಿಗೆ ಕೊಡುವುದು, ಅವರು ಬಿಟ್ಟುದನ್ನು ಮರಳಿ ಪಡೆಯುವುದು, ಉಳಿದುದೆಷ್ಟೆಂದು ಲೆಕ್ಕವಿಡುವುದು, ಈ ಮೂರೂ ಅದರ ಕೃತ್ಯಗಳು. ಮೂರನೆಯದು ಅತ್ಯಂತ ಸುಲಭವೆಂದು ಮೇಲುನೋಟಕ್ಕೆ ತೋರುವುದು. ಆದರೆ ವಿತರಣೆಯ ಕ್ರಮವು ೧೯೬೫ರ ವೇಳೆಗೇ ಸಿದ್ಧವಾಗಿದ್ದರೂ, ‘ಉಳಿದಿದೆ’ ಎಂಬ ಮಾತಿನ ಸರಿಯಾದ ಅರ್ಥವು ಲಿನಕ್ಸ್ ಕರ್ನಲಿನ ಲೆಕ್ಕದಲ್ಲಿ ನೆಲೆಗೊಳ್ಳಲು ೨೦೧೦ರವರೆಗೆ ಕಾಯಬೇಕಾಯಿತು. ಇದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ದೋಷದ ಲಕ್ಷಣವನ್ನು ಹೇಳಬೇಕು. ಊಟದ ಪಂಕ್ತಿಯಲ್ಲಿ ಅಲ್ಲಲ್ಲಿ ಒಂದೊಂದರಂತೆ ಹತ್ತು ಎಲೆಗಳು ತೆರವಾಗಿರಲು, ಒಟ್ಟಿಗೆ ಕುಳಿತುಕೊಳ್ಳಬೇಕೆನ್ನುವ ನಾಲ್ವರಿಗೆ ಅಲ್ಲಿ ಸ್ಥಳವಿಲ್ಲ. ಅಭಾವವು ಎಲೆಗಳದಲ್ಲ, ಅವುಗಳ ಸಾಂತತ್ಯದ್ದು. ಇದು ಬಾಹ್ಯ ಖಂಡೀಭಾವ. ಮೂವರು ಬಂದರೂ ನಾಲ್ಕು ಎಲೆಗಳನ್ನೇ ಕೊಡತಕ್ಕದ್ದೆಂಬ ನಿಯಮವಿದ್ದರೆ ಒಂದೆಲೆ ವ್ಯರ್ಥವಾಗುವುದು. ಇದು ಆಂತರ ಖಂಡೀಭಾವ. ಈ ಎರಡನ್ನೂ ವಿಂಗಡಿಸಿ ಬ್ರಯನ್ ರ‍್ಯಾಂಡೆಲ್ ಎಂಬ ವಿದ್ವಾಂಸರು ೧೯೬೯ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. ಬಾಹ್ಯದೋಷವನ್ನು ತಗ್ಗಿಸಲೆಂದು ಪ್ರಮಾಣಗಳನ್ನು ದುಂಡಾಗಿಸಿ ಕೊಟ್ಟರೆ, ಉಳಿತಾಯವಾದುದಕ್ಕಿಂತ ಹೆಚ್ಚು ಆಂತರದೋಷದಿಂದ ನಷ್ಟವಾಗುವುದೆಂಬುದು ಅವರ ಪ್ರಯೋಗಗಳ ಮುಖ್ಯ ಫಲ.

ಕರ್ನಲುಗಳಲ್ಲಿ ಪ್ರಸಿದ್ಧವಾದ ವಿತರಣಕ್ರಮಕ್ಕೆ ‘ಬಡ್ಡಿ’ ಪದ್ಧತಿಯೆಂದು ಹೆಸರು. ಈ ಇಂಗ್ಲಿಷ್ ಶಬ್ದಕ್ಕೆ ಜೊತೆಗಾರನೆಂದರ್ಥವೇ ಹೊರತು ನಮ್ಮ ಸಾಲದ ಬಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ಯುಗ್ಮಪದ್ಧತಿಯೆಂದು ಇದನ್ನು ಕರೆಯಬಹುದು. ದೊಡ್ಡ ಖಂಡವೊಂದನ್ನು ಸಮನಾದ ಎರಡು ಭಾಗಗಳಾಗಿ, ಅವುಗಳಲ್ಲೊಂದನ್ನು ಮತ್ತೆ ಎರಡಾಗಿ ಸೀಳುತ್ತ ಹೋಗಿ, ಬೇಕಾದ ಪ್ರಮಾಣ ಸಿಕ್ಕೊಡನೆ ಕೊಡುವುದು. ಜೊತೆಯ ಭಾಗಗಳೆರಡೂ ಬಿಡುವಾದಾಗ ಅವನ್ನು ಮರಳಿ ಕೂಡಿಸುವುದು. ಬೆಲ್ ಟೆಲಿಫೋನ್ ಪ್ರಯೋಗಶಾಲೆಯ ಕೆನೆತ್ ನೋಲ್ಟನ್ನರು ೧೯೬೫ರ ಅಕ್ಟೋಬರಿನಲ್ಲಿ ಇದನ್ನು ಪ್ರಕಟಿಸಿದುದರಿಂದ ಅವರೇ ಆದ್ಯರೆಂದು ಹೇಳುವುದುಂಟು. ಆದರೆ ಮುಂದೆ ೧೯೯೦ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಹ್ಯಾರಿ ಮಾರ್ಕೊವಿಟ್ಸರು ೧೯೬೩ರಲ್ಲಿಯೇ ಸಿಮ್‌ಸ್ಕ್ರಿಪ್ಟ್ ವ್ಯವಸ್ಥೆಯಲ್ಲಿ ಇದನ್ನು ಬಳಸಿದ್ದರೆಂದು ಡೊನಾಲ್ಡ್ ಕನೂತರು ತಮ್ಮ ಪ್ರಸಿದ್ಧ ಗ್ರಂಥದ ಪ್ರಥಮ ಸಂಪುಟದಲ್ಲಿ ಸೂಚಿಸಿರುವರು. ಆದುದರಿಂದ ಪ್ರಯೋಗದಲ್ಲಿ ಪ್ರಾಥಮ್ಯವು ಮಾರ್ಕೊವಿಟ್ಸರಿಗೂ ಪ್ರಕಟಣೆಯಲ್ಲಿ ನೋಲ್ಟನ್ನರಿಗೂ ಸಲ್ಲತಕ್ಕದ್ದು.

ಇಲ್ಲಿ ಒಂದು ಪೂರ್ವಪಕ್ಷ ಏಳುವುದು. ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರದಲ್ಲಿ, ೧೯೬೨ರಷ್ಟು ಹಿಂದೆಯೇ, ಸ್ಮೃತಿಯನ್ನು ಸಮಪ್ರಮಾಣದ ‘ಪೇಜು’ಗಳನ್ನಾಗಿ ವಿಭಜಿಸಿ, ಚದರಿದ ಪೇಜುಗಳನ್ನೂ ಅವಿಚ್ಛಿನ್ನವೆಂಬಂತೆ ಬಳಸುವ ಉಪಾಯವು ಸಿದ್ಧಿಸಿತ್ತು. ಹಾಗಿರುವಾಗ ಖಂಡೀಭಾವದ ಚಿಂತೆಯೇಕೆ? ಇದಕ್ಕೆ ಸಮಾಧಾನ: ಆ ಉಪಾಯವು ಸಾಮಾನ್ಯ ಪ್ರೋಗ್ರಾಮುಗಳಿಗೆ ಸಾಕು. ಕರ್ನಲಿಗೆ ಮಾತ್ರ ಕೆಲವು ಉಪಕರಣಗಳ ನಿಮಿತ್ತವಾಗಿಯೂ, ‘ಮಹಾಪೇಜು’ಗಳ ನಿಮಿತ್ತವಾಗಿಯೂ ವಸ್ತುತಃ ಒತ್ತಾಗಿರುವ ಸ್ಥಳವೇ ಬೇಕಾಗುತ್ತದೆ. ೪ ಕಿಲೋಬೈಟಿನ ಪೇಜುಗಳಲ್ಲಿ, ೨ ಮೆಗಾಬೈಟಿನ ಒಂದು ಮಹಾಪೇಜಿಗೆ ೫೧೨ ಪೇಜುಗಳು ಸಾಲಾಗಿ ದೊರೆಯಬೇಕು.

೧೯೯೧ರಲ್ಲಿ ಹುಟ್ಟಿದ ಲಿನಕ್ಸ್ ಕರ್ನಲು ಯುಗ್ಮಪದ್ಧತಿಯನ್ನು ಅವಲಂಬಿಸಿರುವುದು. ಅದರ ‘ಬಡ್ಡಿಇನ್ಫೋ’ ಎಂಬ ಪಟ್ಟಿಯು ಒಂದು ಪೇಜಿನ ಬಿಡುಖಂಡಗಳೆಷ್ಟು, ಎರಡರವು ಎಷ್ಟು, ನಾಲ್ಕರವು ಎಷ್ಟು, ಎಂದು ದ್ವಿಗುಣಕ್ರಮದಲ್ಲಿ ತಿಳಿಸುವುದು. ಇದರ ಮಹತ್ತ್ವವನ್ನು ಒಂದು ಉದಾಹರಣೆಯಿಂದ ಅರಿಯಬಹುದು. ಬಿಡಿಬಿಡಿಯಾಗಿ ೧೦೦೦ ಪೇಜುಗಳು ಉಳಿದಿದ್ದರೆ ಒಟ್ಟು ೪೦೦೦ ಕಿಲೋಬೈಟು ಉಂಟೆಂದು ಲೆಕ್ಕ ಹೇಳುವುದು. ಆದರೂ ೧೬ ಕಿಲೋಬೈಟಿನ ಯಾಚನೆಯೊಂದು ವಿಫಲವಾಗುವುದು. ಒಟ್ಟು ಮೊತ್ತವನ್ನೇ ನಂಬಿದ ಮೇಲ್ವಿಚಾರಕನು ಕಾರಣವನ್ನು ಬೇರೆಲ್ಲಿಯೋ ಹುಡುಕುವನು.

ಈ ದೋಷಕ್ಕೆ ಪರಿಹಾರವನ್ನೂ ಮಾನವನ್ನೂ ಕಲ್ಪಿಸಿದವರಲ್ಲಿ ಮೆಲ್ ಗೋರ್ಮನ್ನರು ಪ್ರಮುಖರು. ಸ್ಥಳಾಂತರಿಸಬಹುದಾದ ಪೇಜುಗಳನ್ನು ಒಂದೆಡೆಯೂ, ಆಗದವನ್ನು ಮತ್ತೊಂದೆಡೆಯೂ ಇಡುವ ಅವರ ಕ್ರಮವು ೨೦೦೮ರ ಜನವರಿಯಲ್ಲಿ ಹೊರಟ ೨.೬.೨೪ನೆಯ ಆವೃತ್ತಿಯಲ್ಲಿ ಸೇರಿತು. ಚದರಿದವನ್ನು ಸರಿಸಿ ಒತ್ತಾಗಿಸುವ ‘ಕಂಪ್ಯಾಕ್ಷನ್’ ಎಂಬ ಸಂಕೋಚಕ್ರಿಯೆಯು ೨೦೧೦ರ ಆಗಸ್ಟಿನ ೨.೬.೩೫ರಲ್ಲಿ ಬಂದಿತು. ಅದರೊಡನೆ ಬಂದ ಖಂಡೀಭಾವಸೂಚಿಯು ವಿಶೇಷವಾಗಿ ಗಮನಾರ್ಹ. ಪ್ರತಿಯೊಂದು ಪ್ರಮಾಣದ ಯಾಚನೆಗೂ ಅದು ಬೇರೆ ಬೇರೆ ಬೆಲೆಯನ್ನು ಕೊಡುವುದು. ಬೆಲೆ ೦ಯ ಕಡೆಗಿದ್ದರೆ ವೈಫಲ್ಯಕ್ಕೆ ಸ್ಮೃತಿಯ ಕೊರತೆಯೂ, ೧೦೦೦ದ ಕಡೆಗಿದ್ದರೆ ಖಂಡೀಭಾವವೂ ಕಾರಣ. ಯಾಚನೆ ಸಫಲವಾಗುವಂತಿದ್ದರೆ ಋಣ ೧ ಎಂದು ತೋರಿಸಿ ಸುಮ್ಮನಾಗುವುದು. ಸೂಚಿಯು ೫೦೦ನ್ನು ಮೀರದಿದ್ದರೆ ಸಾಧಾರಣವಾಗಿ ಸಂಕೋಚಕ್ರಿಯೆಗೆ ಕೈಹಾಕಬೇಕಾಗಿಲ್ಲವೆಂದು ಮೂಲನಿಯಮ.

ಇಲ್ಲಿ ಕಾರ್ಯವೊಂದೇ, ಕಾರಣಗಳೆರಡು. ವೈಫಲ್ಯವೆಂಬ ಕಾರ್ಯಮಾತ್ರದಿಂದ ಕಾರಣವನ್ನು ಅನುಮಿಸಿದರೆ ಅದು ವ್ಯಭಿಚರಿಸುವುದೆಂದು ತರ್ಕವನ್ನೋದಿದವರಿಗೆ ವಿದಿತವೇ. ಆ ಎರಡು ಕಾರಣಗಳನ್ನು ಬೇರ್ಪಡಿಸುವ ಲಿಂಗವೇ ಈ ಸೂಚಿ. ಖಂಡೀಭಾವವು ಸ್ಮೃತಿಕೋಶದಲ್ಲಿ ಮಾತ್ರವಿರುವ ಧರ್ಮವಲ್ಲ. ಯಾಚನೆಯ ಪ್ರಮಾಣಕ್ಕೆ ಸಾಪೇಕ್ಷವಾದ ಧರ್ಮ. ಒಂದು ಪೇಜನ್ನು ಬೇಡುವವನಿಗೆ ಇಲ್ಲದ ದೋಷವು ೫೧೨ನ್ನು ಬೇಡುವವನಿಗೆ ಉಂಟು. ಆದುದರಿಂದ ‘ಎಷ್ಟು ಉಳಿದಿದೆ?’ ಎಂಬ ಪ್ರಶ್ನೆಗೆ ಮೊದಲು ‘ಯಾವ ಯಾಚನೆಗೆ?’ ಎಂಬ ಪ್ರಶ್ನೆಯನ್ನು ಕೂಡಿಸಿದ ಬಳಿಕವೇ ಉತ್ತರ ಹೇಳತಕ್ಕದ್ದೆಂಬುದು ಈ ಚರಿತ್ರೆಯಿಂದ ಸಿದ್ಧವಾಗುತ್ತದೆ.