ಸುಬ್ಬರಾಯ ಶಾಸ್ತ್ರಿ, ಪಂಡಿತ
(1866–1940). ‘ವೈಮಾನಿಕ ಶಾಸ್ತ್ರ’ ಎಂಬ ವಿವಾದಿತ ಸಂಸ್ಕೃತ ಗ್ರಂಥವನ್ನು ಹೇಳಿ ಬರೆಸಿದ ಅನುಭಾವಿ. ಜನನ ಹೊಸೂರು ತಾಲ್ಲೂಕಿನಲ್ಲಿ, ನೆಲೆಸಿದ್ದು ಆನೇಕಲ್ಲಿನಲ್ಲಿ. ಕೋಲಾರದ ಬಳಿ ಸಾಧುವೊಬ್ಬರಿಂದ ವಿಮಾನವಿದ್ಯೆ ಪಡೆದುದಾಗಿ ಹೇಳಿಕೊಂಡರು. 1918–1923ರ ಅವಧಿಯಲ್ಲಿ ಇವರು ನುಡಿದ ಶ್ಲೋಕಗಳನ್ನು ವೆಂಕಟಾಚಲ ಶರ್ಮ ಬರೆದುಕೊಂಡರು. ಕರ್ತೃತ್ವವನ್ನು ಇವರು ಆರೋಪಿಸಿದ್ದು ಭರದ್ವಾಜ ಮಹರ್ಷಿಗೆ. ಗ್ರಂಥದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳ ವಿವರಗಳಿವೆ. ನಕ್ಷೆಗಳು ಬೆಂಗಳೂರಿನ ನಕ್ಷೆಗಾರ ಎಲ್ಲಪ್ಪನವರವು. ಜಿ. ಆರ್. ಜೋಸ್ಯರ್ 1973ರಲ್ಲಿ ಮೈಸೂರಿನಿಂದ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 1974ರಲ್ಲಿ ಎಚ್. ಎಸ್. ಮುಕುಂದ ಸೇರಿದಂತೆ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಇದನ್ನು ಪರಿಶೀಲಿಸಿದರು. ಭಾಷೆ ವೇದಕಾಲದ್ದಲ್ಲ, ಆಧುನಿಕ ಸಂಸ್ಕೃತ, ವಿಮಾನಗಳು ಹಾರಲಾರವು, ರಚನೆ 1904ಕ್ಕಿಂತ ಈಚಿನದು ಎಂಬುದು ಅವರ ತೀರ್ಮಾನ.  ಗ್ರಂಥದ ಖ್ಯಾತಿ, ಅಪಖ್ಯಾತಿ ಎರಡೂ ಶಾಸ್ತ್ರಿಗಳ ಮರಣಾನಂತರದವು.